ಹುಳ ಎಣಿಸಬಾರದು

ನಮ್ಮ ಮನೆತನದಲ್ಲಿ ರೇಷ್ಮೆ ಹುಳ ಎಣಿಸುವುದಿಲ್ಲ. ಮೊಟ್ಟೆ ತರುವಾಗ ಇಷ್ಟು ಅಂತ ಕೇಳಿ ತರುತ್ತೇವೆ, ಗೂಡು ಮಾರುವಾಗ ತೂಕ ಹಾಕುತ್ತೇವೆ. ನಡುವೆ, ಹುಳ ತಟ್ಟೆಯಲ್ಲಿರುವಷ್ಟು ಕಾಲ, ಯಾರೂ ಬೆರಳು ಮಾಡಿ ಒಂದು ಎರಡು ಅನ್ನುವುದಿಲ್ಲ. ಯಾರಾದರೂ ಕೇಳಿದರೆ 'ಅವೆ, ಒಂದಷ್ಟು' ಅಂದು ಸುಮ್ಮನಾಗುತ್ತೇವೆ. ಎಣಿಸಿದರೆ ಕಣ್ಣು ತಾಗುತ್ತದೆ ಎಂದು ನನ್ನ ತಾಯಿ ಹೇಳುತ್ತಿದ್ದಳು. ಆಮೇಲೆ ನನ್ನ ಹೆಂಡತಿ ನಾಗಲಕ್ಷ್ಮಮ್ಮ ಹೇಳುತ್ತಿದ್ದಳು. ಅವಳು ತೀರಿಕೊಂಡು ಆಗ ವರ್ಷ ತುಂಬಿರಲಿಲ್ಲ. ಹುಳದ ಮನೆಯ ಕೆಲಸವೆಲ್ಲ ಸೊಸೆ ಅಂಕಮ್ಮನ ಕೈಗೆ ಬಂದಿತ್ತು. ಕೆಲಸದ ಜೊತೆ ಆ ಮಾತೂ ಬಂದಿತ್ತು.

ಅಕ್ಕೂರಿನ ಪಕ್ಕದ ಊರು ನಮ್ಮದು. ನಾಗಲಕ್ಷ್ಮಮ್ಮ ಹೋದ ಮೇಲೆ ಕರಿಯಪ್ಪನಿಗೆ ಮನೆಯಲ್ಲಿ ಕೂರಲಾಗುತ್ತಿಲ್ಲ ಎಂದು ಊರಿನವರು ನನ್ನ ಬಗ್ಗೆ ಮಾತಾಡಿಕೊಳ್ಳುತ್ತಿದ್ದರು. ಹಾಗೇನೂ ಇರಲಿಲ್ಲ. ಎಲ್ಲಿ ಕೂತರೂ ಒಂದೇ ಆಗಿತ್ತು. ಶಾಲೆಯ ಅಂಗಳದಲ್ಲಿ ಹೊಂಗೆ ಮರದ ನೆರಳಿತ್ತು, ಅದರ ಕೆಳಗೊಂದು ಚಪ್ಪಡಿ ಕಲ್ಲಿತ್ತು. ಬೆಳಿಗ್ಗೆ ಅಲ್ಲಿಗೆ ಹೋಗಿ ಕೂರುತ್ತಿದ್ದೆ, ಮಕ್ಕಳು ಮನೆಗೆ ಹೊರಟಾಗ ಏಳುತ್ತಿದ್ದೆ. ಅಂಕಮ್ಮ ಮುದ್ದೆ ಇಟ್ಟರೆ ಉಣ್ಣುತ್ತಿದ್ದೆ. ಉಪ್ಪು ಹಾಕಿದ್ದಾಳೋ ಮರೆತಿದ್ದಾಳೋ ನನಗೆ ತಿಳಿಯುತ್ತಿರಲಿಲ್ಲ.

ಆ ವರ್ಷ ಶಾಲೆಗೆ ಲೆಕ್ಕ ಹೇಳಿಕೊಡಲು ನೂರೀನ್ ಅನ್ನುವ ಟೀಚರು ಬಂದಿದ್ದರು. ಇನ್ನೂ ಸಣ್ಣ ವಯಸ್ಸು. ಚನ್ನಪಟ್ಟಣದವರು. ಅವರ ತಂದೆ ಶುಕೂರ್ ಸಾಬರು ಮರದ ಬೊಂಬೆ ಮಾಡುವವರು. ಬೆಳಗಿನ ಬಸ್ಸಿಗೆ ಬರುವಾಗ ಅವರ ಕೈಚೀಲದ ತುಂಬ ಅರಗಿನ ಬಣ್ಣ ಹಾಕಿದ ಮಣಿಗಳಿರುತ್ತಿದ್ದವು. ಸೀಳು ಬಿಟ್ಟಿದ್ದು, ಬಣ್ಣ ಸರಿಯಾಗಿ ಹತ್ತದೆ ಇದ್ದದ್ದು, ಮಾರಾಟಕ್ಕೆ ಬಾರದ್ದು.

ನಾನು ಎರಡನೇ ಕ್ಲಾಸಿಗೆ ಶಾಲೆ ಬಿಟ್ಟವನು. ನಮ್ಮ ಕಾಲದಲ್ಲಿ ಮೇಷ್ಟ್ರು ಮುಂದೆ ನಿಂತು ಮಗ್ಗಿ ಹೇಳೋರು, ನಾವು ಕೂಗೋರು, ತಪ್ಪಿದರೆ ಹುಣಸೆ ಬರಲು ಮಾತಾಡುತ್ತಿತ್ತು. ಈ ಟೀಚರು ಮಕ್ಕಳನ್ನು ಅಂಗಳದ ಮರಳಿನ ಮೇಲೆ ಕೂರಿಸಿ ತಾವು ಎಲ್ಲರ ಹಿಂದೆ ಕೂರುತ್ತಿದ್ದರು. ಮಕ್ಕಳು ಮನೆಯಿಂದಲೋ ಹೊಲದಿಂದಲೋ ಒಂದು ಲೆಕ್ಕ ತರಬೇಕು. ತಂದವರೇ ಅವತ್ತು ಮುಂದೆ ನಿಲ್ಲಬೇಕು. ಉತ್ತರ ಹೇಳುವವರು ಎದ್ದು ನಿಂತು ಹೇಳಬೇಕು. ಹೇಳಿದ್ದು ಒಪ್ಪಿಗೆಯಾದರೆ ಲೆಕ್ಕ ತಂದವರು 'ಕೂತ್ಕೊ' ಅನ್ನುತ್ತಾರೆ. ಒಪ್ಪಿಗೆಯಾಗದಿದ್ದರೆ ಅನ್ನುವುದಿಲ್ಲ, ಆ ಮಗು ನಿಂತೇ ಇರುತ್ತದೆ, ಯೋಚನೆ ಮಾಡುತ್ತದೆ. ಟೀಚರು ಬಾಯಿ ಹಾಕುತ್ತಿರಲಿಲ್ಲ.

"ಸಂಬಳ ತಗೊಳೋದು ಅವ್ರು, ಪಾಠ ಮಾಡೋದು ನಮ್ ಮಕ್ಳು" ಎಂದು ನಮ್ಮ ಪಕ್ಕದ ಮನೆಯ ವೆಂಕಟಲಕ್ಷ್ಮಮ್ಮ ನಗಾಡುತ್ತಿದ್ದಳು.

ನನ್ನ ಮೊಮ್ಮಗಳು ಸೌಮ್ಯ ಆಗ ಏಳನೇ ಕ್ಲಾಸು. ಮಾತು ಕಡಿಮೆ, ಕೈ ಚುರುಕು. ಒಂದು ದಿನ ಅವಳ ಸರದಿ ಬಂತು. ಮರಳಿನ ಮೇಲೆ ಕಡ್ಡಿಯಲ್ಲಿ ದೊಡ್ಡದೊಂದು ಸುತ್ತು ಎಳೆದಳು.

"ಇದು ಹುಳದ ತಟ್ಟೆ. ಇದ್ರಲ್ಲಿ ಎಷ್ಟು ಹುಳ ಅವೆ? ಪೂರ್ತಿ ಎಣಿಸ್ದೆ ಹೇಳ್ಬೇಕು" ಅಂದಳು.

"ಎಣಿಸ್ದೆ ಹೆಂಗಮ್ಮಿ ಹೇಳೋದು? ಶಾಸ್ತ್ರ ಕೇಳ್ಬೇಕಾ?" ಅಂದ ಮನೋಹರ. ವೆಂಕಟಲಕ್ಷ್ಮಮ್ಮನ ಮೊಮ್ಮಗ. ಎಲ್ಲ ನಕ್ಕರು.

ನವ್ಯಶ್ರೀ ಅನ್ನುವ ಹುಡುಗಿ ಎದ್ದು ನಿಂತಳು. "ಒಂದು ಗೇಣು ಜಾಗದಾಗೆ ಇರೋವನ್ನ ಮಾತ್ರ ಎಣ್ಸೋದು. ಅಂಥ ಗೇಣು ತಟ್ಟೇಲಿ ಎಷ್ಟು ಹಿಡಿತವೆ ಅಂತ ನೋಡೋದು."

"ಯಾರ ಗೇಣು? ನಿಂದೋ ನಮ್ಮಪ್ಪುಂದೋ?" ಅಂದ ಮನೋಹರ.

"ಯಾರ್ದಾದ್ರೂ ಆಗ್ಲಿ ಕಣ್ಲಾ. ಕೊನೇಗಂಟ ಒಬ್ರುದೇ ಇರ್ಬೇಕು" ಅಂದಳು ಸೌಮ್ಯ. ಆದರೆ ನವ್ಯಶ್ರೀಗೆ ಕೂತ್ಕೊ ಅನ್ನಲಿಲ್ಲ. "ಹುಳ ಎಲ್ಲಾ ಕಡೆ ಒಂದೇ ಸಮ ಇರಲ್ಲ. ಸೊಪ್ಪು ಜಾಸ್ತಿ ಬಿದ್ದ ಕಡೆ ಗುಂಪು ಕಟ್ತವೆ. ನಿನ್ ಗೇಣು ಗುಂಪಿನ ಮೇಲೆ ಬಿದ್ರೆ?"

ನವ್ಯಶ್ರೀ ನಿಂತೇ ಇದ್ದಳು. ಕೊಂಚ ಹೊತ್ತಾದ ಮೇಲೆ, "ಅಂಗಾದ್ರೆ ನಡುವೆ ಒಂದು ಗೇಣು, ಅಂಚಲ್ಲಿ ಒಂದು ಗೇಣು, ಆ ಕಡೆ ಈ ಕಡೆ ಒಂದೊಂದು. ಎಲ್ಲಾ ಕೂಡ್ಸಿ ಸಮ ಮಾಡೋದು" ಅಂದಳು.

ಮುಂದಿನ ಸಾಲಿನ ಒಂದು ಮಗು ಹಿಂದೆ ತಿರುಗಿ, "ಸರೀನಾ ಮಿಸ್?" ಎಂದು ಕೇಳಿತು.

"ನನ್ನ ಯಾಕೆ ಕೇಳ್ತೀಯಾ? ಲೆಕ್ಕ ಸೌಮ್ಯಂದು" ಅಂದರು ಟೀಚರು.

ಸೌಮ್ಯ ತಟ್ಟೆಯ ಸುತ್ತನ್ನೇ ನೋಡುತ್ತಿದ್ದು, ಆಮೇಲೆ, "ಕೂತ್ಕೊ" ಅಂದಳು.

ಅವತ್ತು ಸಂಜೆ ಅಂಕಮ್ಮ ಸೊಪ್ಪಿಗೆ ಹೋಗಿದ್ದಾಗ ಸೌಮ್ಯ ಹುಳದ ಮನೆಯೊಳಗೆ ಹೋಗಿ ಗೇಣು ಹಾಕಿ ಎಣಿಸಿದಳು. ನಾನು ಬಾಗಿಲಲ್ಲಿ ಕೂತಿದ್ದೆ. ಅವಳು ಮೆಲ್ಲಗೆ ಬಾಯಲ್ಲಿ ಹೇಳಿಕೊಳ್ಳುತ್ತಿದ್ದದ್ದು ಕೇಳಿಸುತ್ತಿತ್ತು. ನಾಗಲಕ್ಷ್ಮಮ್ಮ ಇದ್ದಿದ್ದರೆ ಓಡಿ ಬಂದು ಬಾಯಿ ಮುಚ್ಚುತ್ತಿದ್ದಳು. ಅವಳಿರಲಿಲ್ಲ. ಮಾರನೆಯ ದಿನ ಮನೋಹರನೂ ತನ್ನ ಮನೆಯಲ್ಲಿ ಎಣಿಸಿದ. ಹೀಗೆ ಇನ್ನೂ ಕೆಲವು ಮಕ್ಕಳು. ಯಾರದು ಹೆಚ್ಚು ಯಾರದು ಕಡಿಮೆ ಅಂತ ಅಂಗಳದಲ್ಲಿ ಜಗಳವಾಡಿದರು.

ನಾಲ್ಕನೇ ಜ್ವರ ಎದ್ದ ಮೇಲೆ ನಮ್ಮ ಹುಳ ಸೊಪ್ಪು ಬಿಟ್ಟವು. ಜ್ವರ ಅಂದರೆ ಹುಳ ಮೇವು ನಿಲ್ಲಿಸಿ ಪೊರೆ ಬಿಡುವ ಕಾಲ. ಎದ್ದ ಮೇಲೆ ಅವು ಹಸಿದು ಬಾಚಿ ತಿನ್ನಬೇಕು, ಹುಳದ ಮನೆ ತುಂಬ ಸರಸರ ಅನ್ನಬೇಕು. ಏನೂ ಸದ್ದಿರಲಿಲ್ಲ. ಸೊಪ್ಪಿನ ಮೇಲೆ ತಲೆ ಎತ್ತಿಕೊಂಡು ಹಾಗೇ ಇದ್ದವು. ಆಮೇಲೆ ಮೈ ಮೆತ್ತಗಾಯಿತು, ನಾರತೊಡಗಿತು. ನಮ್ಮದೊಂದೇ ಅಲ್ಲ, ಊರಿನಲ್ಲಿ ಇನ್ನೂ ಕೆಲವು ಮನೆಯದು ಹಾಗೇ ಆಯಿತು. ತಟ್ಟೆ ತಟ್ಟೆ ಹೊತ್ತುಕೊಂಡು ಹೋಗಿ ತಿಪ್ಪೆಗೆ ಸುರಿದೆವು. ನಾನೂ ಕೆಲವು ಹೊತ್ತೆ. ಭಾರ ಇತ್ತು. ಅಷ್ಟೇ ನನಗೆ ಅನ್ನಿಸಿದ್ದು.

ನಲ್ಲಿಯ ಹತ್ತಿರ ವೆಂಕಟಲಕ್ಷ್ಮಮ್ಮ ಅಂಕಮ್ಮನನ್ನು ನಿಲ್ಲಿಸಿಕೊಂಡಳು. ಸೌಮ್ಯ ಬಿಂದಿಗೆ ಹಿಡಿದು ಹಿಂದೆಯೇ ಇದ್ದಳು.

"ನಿನ್ ಮಗ್ಳೇ ಕಣಮ್ಮಿ ಸುರು ಮಾಡಿದ್ದು. ಲೆಕ್ಕ ಅಂತೆ ಲೆಕ್ಕ. ನಿಮ್ಮತ್ತೆ ಇದ್ದಿದ್ರೆ ಬೆರ್ಳು ಮುರ್ದಾಕ್ತಿದ್ಲು."

ಅಂಕಮ್ಮ ಬಿಂದಿಗೆ ತುಂಬಿಸಿಕೊಂಡು ಮನೆಗೆ ಬಂದಳು. ಮಗಳನ್ನು ಬೈಯಲಿಲ್ಲ. ಬೈದಿದ್ದರೆ ಆಗುತ್ತಿತ್ತೇನೋ. ಸೌಮ್ಯ ತಾಯಿಯ ಮುಖವನ್ನೇ ನೋಡುತ್ತ ಕಾದಳು, ತಾಯಿ ಮುಖ ತಿರುಗಿಸಿಕೊಂಡು ಒಲೆ ಊದಿದಳು. ಮಾರನೆಯ ದಿನದಿಂದ ಹುಡುಗಿ ಶಾಲೆಗೆ ಹೋಗಲಿಲ್ಲ. ಹುಳದ ಮನೆಯ ಮುಂದೆ ಹಾದುಹೋಗಬೇಕಾದರೆ ಎರಡೂ ಕೈಯನ್ನು ಲಂಗದ ಮಡಿಕೆಯಲ್ಲಿ ಮುಚ್ಚಿಕೊಂಡು ಹೋಗುತ್ತಿದ್ದಳು. ಬೆರಳು ಕಾಣಬಾರದು ಅನ್ನುವ ಹಾಗೆ.

"ತಾತ, ಹುಳಕ್ಕೆ ಎಣಿಸಿದ್ದು ಗೊತ್ತಾಯ್ತದಾ?" ಎಂದು ಒಂದು ಸಲ ಕೇಳಿದಳು.

"ನಂಗೊತ್ತಿಲ್ಲ ಕಣವ್ವ" ಅಂದೆ. ನನಗೆ ಗೊತ್ತಿದ್ದದ್ದೂ ಅಷ್ಟೇ.

ಟೀಚರು ಒಂದು ದಿನ ಬಸ್ಸಿಳಿದು ನೇರ ನಮ್ಮ ಮನೆಗೆ ಬಂದರು. ಜಗಲಿಯ ಮೇಲೆ ಕೂತರು. ಅಂಕಮ್ಮ ನೀರು ತಂದಿಟ್ಟು ಒಳಗೆ ಹೋದಳು. ಸೌಮ್ಯ ಕಂಬಕ್ಕೆ ಒರಗಿ ನಿಂತಳು.

"ನಾನು ಎಣಿಸಿದ್ದಕ್ಕೇ ಸತ್ತೋದ್ವಾ ಮಿಸ್?"

ಇಲ್ಲ ಅಂತ ಒಂದು ಮಾತು ಹೇಳಿದ್ದರೆ ಹುಡುಗಿಯ ಮುಖ ತಿಳಿಯಾಗುತ್ತಿತ್ತು. ಯಾರಾದರೂ ಹೇಳುತ್ತಿದ್ದರು. ಟೀಚರು ಹೇಳಲಿಲ್ಲ.

"ನಂಗೆ ಗೊತ್ತಿಲ್ಲ ಸೌಮ್ಯ. ಹೆಂಗೆ ತಿಳ್ಕೊಳ್ಳೋದು?" ಅಂದರು. "ನೀನು ತಂದ ಲೆಕ್ಕ ಇನ್ನೂ ಮುಗಿದಿಲ್ಲ. ತಂದೋರೇ ಮುಗಿಸ್ಬೇಕು. ನಮ್ಮ ಕ್ಲಾಸಲ್ಲಿ ಇನ್ಯಾರೂ ಮುಗ್ಸೋ ಹಾಗಿಲ್ಲ."

ಅವರು ಎದ್ದು ಹೋದ ಮೇಲೆ ಸೌಮ್ಯ ಬಹಳ ಹೊತ್ತು ಕಂಬ ಹಿಡಿದು ನಿಂತಿದ್ದಳು. ಆಮೇಲೆ ಪುಸ್ತಕದ ಚೀಲ ಹೆಗಲಿಗೆ ಹಾಕಿಕೊಂಡು ಅವರ ಹಿಂದೆ ಹೋದಳು. ನಾನೂ ಎದ್ದು ನನ್ನ ಕಲ್ಲಿಗೆ ಹೋದೆ.

ಅಂಗಳದಲ್ಲಿ ಅವಳು ಸುಣ್ಣದ ಪುಡಿಯಿಂದ ಊರು ಬರೆದಳು. ನಡುವೆ ಬೀದಿ, ಆ ಕಡೆ ಈ ಕಡೆ ಮನೆ, ಕೆಳಗೆ ಕೆರೆ, ಮೂಡಲ ಕಡೆ ಫ್ಯಾಕ್ಟರಿ. ನೆಲಕ್ಕೆ ಹಾಸುವ ಟೈಲ್ಸ್ ಸುಡುವ ಫ್ಯಾಕ್ಟರಿ ಅದು. ಬಂದು ಕೆಲವು ವರ್ಷವಾಗಿತ್ತು. ಆ ಕಡೆಯ ಜಮೀನು ಎಷ್ಟೋ ಜನರದ್ದು ಅದಕ್ಕೆ ಹೋಯಿತು, ನಮ್ಮ ಹಳೇ ತೋಟವೂ ಹೋಯಿತು. ನಾಗಲಕ್ಷ್ಮಮ್ಮ ಮದುವೆಯಾಗಿ ಬಂದ ವರ್ಷ ತನ್ನ ಕೈಯಾರ ನೆಟ್ಟ ನಾಟಿ ಹಿಪ್ಪುನೇರಳೆ ಇದ್ದ ತೋಟ. ಮಗ ಜಯಕುಮಾರನಿಗೆ ಆ ಫ್ಯಾಕ್ಟರಿಯಲ್ಲೇ ಲೋಡಿಂಗ್ ಕೆಲಸ ಕೊಟ್ಟರು. ನಾವು ಕೆರೆ ಕೆಳಗಿನ ತುಂಡು ಜಮೀನಿನಲ್ಲಿ ಅಗಲ ಎಲೆಯ ಹೊಸ ತಳಿ ಹಾಕಿಕೊಂಡೆವು. ಊರಿನಲ್ಲಿ ಈಗ ಎಲ್ಲರದೂ ಅದೇ ತಳಿ.

ಟೀಚರ ಮಣಿಗಳನ್ನು ಸೌಮ್ಯ ಮುಂದೆ ಸುರಿದುಕೊಂಡಳು.

"ಹುಳ ಹೋದ ಮನೆಗೆ ಕೆಂಪು ಮಣಿ. ಗೂಡು ಕಟ್ಟಿದ ಮನೆಗೆ ಹಳದಿ. ಎಣಿಸಿದ್ರೆ ಪಕ್ಕದಲ್ಲಿ ಒಂದು ನೀಲಿ ಮಣಿ. ಒಬ್ಬೊಬ್ರೇ ಬಂದು ನಿಮ್ ನಿಮ್ ಮನೆಗೆ ಇಕ್ಕಿ. ಸುಳ್ಳು ಹೇಳ್ಬಾರ್ದು."

ಮೊದಲು ತನ್ನ ಮನೆಗೆ ತಾನೇ ಕೆಂಪು ಇಟ್ಟಳು, ಪಕ್ಕದಲ್ಲಿ ನೀಲಿ ಇಟ್ಟಳು.

ಮನೋಹರ ಎದ್ದ. "ನಮ್ಮನೇಲೂ ಎಣ್ಸಿದ್ವಿ. ನಾನೊಂದು ಸಲ, ನಮ್ ತಂಗಿ ಒಂದು ಸಲ. ನಮ್ಮವು ಗೂಡು ಕಟ್ಟವೆ" ಎಂದು ಹಳದಿಯನ್ನೂ ನೀಲಿಯನ್ನೂ ಇಟ್ಟ.

"ಅಂಗಾದ್ರೆ ನಿಮ್ಮಜ್ಜಿ ನಮ್ಮವ್ವನ್ನ ಯಾಕ್ಲಾ ಬೈದಿದ್ದು?"

"ಅಜ್ಜಿಗೆ ಹೇಳಿಲ್ಲ ಕಣಮ್ಮಿ. ಹೇಳಿದ್ರೆ ನನ್ ಚರ್ಮ ಸುಲಿತದೆ."

ನವ್ಯಶ್ರೀ ಬಂದಳು. "ನಮ್ಮವ್ವ ಬಾಗ್ಲಿಗೆ ಬೀಗ ಹಾಕಿತ್ತು. ಒಳಗೇ ಬುಡ್ನಿಲ್ಲ. ಆದ್ರೂ ಎಲ್ಲಾ ಹೋದ್ವು." ಕೆಂಪು ಇಟ್ಟಳು. ನೀಲಿ ಇಡಲಿಲ್ಲ.

ಮಣಿ ಇಡುವುದು ಮುಗಿದಾಗ ಎಲ್ಲರೂ ಸುತ್ತ ನಿಂತು ನೋಡಿದರು. ನೀಲಿ ಮಣಿ ಕೆಂಪಿನ ಪಕ್ಕದಲ್ಲೂ ಇತ್ತು, ಹಳದಿಯ ಪಕ್ಕದಲ್ಲೂ ಇತ್ತು. ನೀಲಿ ಇಲ್ಲದ ಕೆಂಪು ಬೇಕಾದಷ್ಟಿತ್ತು.

"ಎಣಿಕೆಗೂ ಇದಕ್ಕೂ ಸಂಬಂಧ ಇಲ್ಲ ಅಂಗಾದ್ರೆ" ಅಂದ ಮನೋಹರ. "ಸೊಪ್ಪು ನೋಡಮ್ಮಿ. ಯಾರ್ ಯಾರು ಎಲ್ಲಿಂದ ತಂದ್ರು ಅಂತ."

ಒಂದೊಂದು ಮನೆಯಿಂದ ಅದರ ತೋಟಕ್ಕೆ ಒಂದೊಂದು ಕಡ್ಡಿ ಮಲಗಿಸಿದರು. ಆಗ ಕಾಣಿಸಿತು. ಕೆಂಪು ಮಣಿಯ ಕಡ್ಡಿಗಳೆಲ್ಲ ಮೂಡಲಕ್ಕೆ, ಫ್ಯಾಕ್ಟರಿಯ ಕಾಂಪೌಂಡಿನ ಕಡೆಗೆ ಹೋಗಿದ್ದವು. ಹಳದಿಯವು ಕೆರೆ ಕಡೆಗೆ. ಮಕ್ಕಳು ಹೋ ಅಂದರು. ಯಾರೋ ಕೊಳವೆಯ ಹೊಗೆಯ ಕಡೆ ಕೈ ತೋರಿಸಿದರು. ಗಾಳಿ ಇಲ್ಲದ ದಿನ ಆ ಹೊಗೆ ಎದ್ದು ಹೋಗುವುದಿಲ್ಲ, ಅಲ್ಲೇ ಗಿಡದ ಮೇಲೆ ಕೂರುತ್ತದೆ. ಎಲೆ ಹಸಿರಾಗೇ ಇರುತ್ತದೆ, ಹೊಗೆಯ ವಿಷ ಹತ್ತಿದ್ದು ನೋಡಿದರೆ ತಿಳಿಯುವುದಿಲ್ಲ.

ಸೌಮ್ಯ ಮಾತ್ರ ಹೋ ಅನ್ನಲಿಲ್ಲ. ತನ್ನ ಕೈಯಲ್ಲಿದ್ದ ಕಡ್ಡಿಯನ್ನು ತನ್ನ ಮನೆಯಿಂದ ಕೆರೆ ಕೆಳಗಿನ ತೋಟಕ್ಕೆ ಮಲಗಿಸಿದಳು. ಅಷ್ಟು ಹಳದಿಯ ನಡುವೆ ಒಂದು ಕೆಂಪು ಮಣಿ.

ಮನೋಹರ ಕೆಟ್ಟ ಹುಡುಗನಲ್ಲ. ಇದ್ದದ್ದನ್ನು ಹೇಳಿದ, ಅಷ್ಟೇ. "ನಿಮ್ದೊಂದು ಹೊಂದ್ತಿಲ್ವಲ್ಲಮ್ಮಿ. ಬೇರೆಯೋರ್ದೆಲ್ಲ ಹೊಗೆಗೆ ಹೋದ್ವು. ನಿಮ್ದು ಎಣಿಸಿದ್ದಕ್ಕೇ ಇರ್ಬೇಕು."

ಸೌಮ್ಯ ಅವನಿಗೆ ಕೂತ್ಕೊ ಅನ್ನಲಿಲ್ಲ. ಟೀಚರ ಕಡೆ ನೋಡಿದಳು. ಟೀಚರ ಕಣ್ಣು ಕೆಂಪಗಾಗಿತ್ತು, ಬಾಯಿ ಬಿಗಿಹಿಡಿದಿದ್ದರು. ಗಂಟೆ ಹೊಡೆಯಿತು. "ಅಳಿಸ್ಬೇಡಿ, ಹಂಗೇ ಇರಲಿ" ಅಂದರು ಟೀಚರು. ಮಕ್ಕಳು ಸುಣ್ಣದ ಊರನ್ನು ತುಳಿಯದೆ ಸುತ್ತು ಬಳಸಿಕೊಂಡು ಮನೆಗೆ ಹೋದರು. ಸೌಮ್ಯ ಆ ಮಣಿಯ ಪಕ್ಕದಲ್ಲಿ ಕೂತಳು. ನಾನು ಕರೆದೆ, ಬರಲಿಲ್ಲ.

ಮನೆಗೆ ಬರುವ ದಾರಿಯಲ್ಲಿ ನಮ್ಮ ತಿಪ್ಪೆ. ಸತ್ತ ಹುಳದ ಜೊತೆ ಸುರಿದ ಹಳೇ ಸೊಪ್ಪು, ಕಡ್ಡಿ ಎಲ್ಲ ಅಲ್ಲೇ ಬಿದ್ದಿತ್ತು. ಮಳೆ ಬಿದ್ದು ಎಲೆ ಕೊಳೆತು ಕಡ್ಡಿಗಳು ಮೇಲೆ ಬಂದಿದ್ದವು. ನಾನು ನಿಂತು ನೋಡಿದೆ. ಹೊಸ ತಳಿಯ ಕಡ್ಡಿ ದಪ್ಪ, ನೆಟ್ಟಗೆ. ಅವುಗಳ ನಡುವೆ ಸಣ್ಣ ಕಡ್ಡಿಗಳಿದ್ದವು, ಗೆಣ್ಣು ಹತ್ತಿರ ಹತ್ತಿರ. ನಾಟಿ ಕಡ್ಡಿ. ನಲವತ್ತು ವರ್ಷ ನಾನೇ ಕೊಯ್ದು ಹೊರೆ ಕಟ್ಟಿದ್ದು. ಅದು ಈಗ ಊರಲ್ಲಿ ಎಲ್ಲೂ ಇಲ್ಲ. ಇರುವುದು ಒಂದೇ ಕಡೆ.

ಒಂದು ಕಡ್ಡಿ ಎತ್ತಿಕೊಂಡು ಮನೆಗೆ ಹೋದೆ. ಅಂಕಮ್ಮ ಜಗಲಿಯ ಮೇಲೆ ರಾಗಿ ಕೇರುತ್ತಿದ್ದಳು. ಮೊರದ ಪಕ್ಕದಲ್ಲಿ ಕಡ್ಡಿಯನ್ನು ಇಟ್ಟು ಕೂತೆ. ಅವಳು ಕೇರುವುದನ್ನು ನಿಲ್ಲಿಸಿದಳು.

"ಸೊಪ್ಪು ಸಾಲ್ನಿಲ್ಲ ಮಾವ" ಅಂದಳು. "ಕೆರೆ ಕೆಳಗಿಂದು ಇನ್ನೂ ಎಳೇದು. ಹುಳ ನೋಡಿದ್ರೆ ಬಾಯ್ ಬುಡ್ತಾ ಅವೆ. ಕಾಂಪೌಂಡ್ ಒಳಗೆ ಅತ್ತೆ ನೆಟ್ಟ ಗಿಡ ಆಳೆತ್ತರ ನಿಂತವೆ. ಕೊಯ್ಯೋರಿಲ್ಲ, ಕೇಳೋರಿಲ್ಲ. ಗೋಡೆ ಒಂದ್ಕಡೆ ಕುಸ್ದದೆ, ಅಲ್ಲಿಂದ ಹೋದೆ. ಮಾರ್ಬುಟ್ಟಿದ್ದೀವಿ, ನಮ್ದಲ್ಲ ಅಂತ ಗೊತ್ತು. ಕೈಗೆ ಗೊತ್ತಾಗ್ನಿಲ್ಲ."

"ಜಯಕುಮಾರಂಗೆ ಗೊತ್ತಾ?"

"ಇಲ್ಲ. ಗೊತ್ತಾದ್ರೆ ಸುಮ್ಕೆ ಇರ್ತಾರಾ? ಕೆಲಸದೋನ ಹೆಂಡ್ತಿ ಕಳ್ಳತನ ಮಾಡವ್ಳೆ ಅಂದ್ರೆ ಅವ್ರನ್ನ ಗೇಟಿಂದ ಆಚೆ ಹಾಕ್ತಾರೆ." ಮೊರದಲ್ಲಿದ್ದ ಕಲ್ಲನ್ನು ಹೆಕ್ಕಿ ಆಚೆ ಎಸೆದಳು. "ಆವತ್ತು ನಲ್ಲಿ ಹತ್ರಾನೇ ನಾನು ಹೇಳ್ಬೇಕಾಗಿತ್ತು. ಬಾಯಿ ಬರ್ನಿಲ್ಲ ಮಾವ. ಎಣಿಸಿದ್ದಕ್ಕೇ ಹೋದ್ವು ಅಂತ ಅವ್ರೇ ಅಂದ್ರು. ಅನ್ಲಿ ಅಂದ್ಕಂಡೆ. ಮಗಾ ಒಂದೆರಡು ದಿನ ಅತ್ತು ಮರೀತದೆ ಅಂದ್ಕಂಡೆ."

ನನಗೆ ಕೋಪ ಬರಲಿಲ್ಲ. ಬರಬೇಕಿತ್ತೇನೋ. ನಾಗಲಕ್ಷ್ಮಮ್ಮನ ಗಿಡ ಇನ್ನೂ ಚಿಗುರುತ್ತಿದೆ ಎಂದು ಕೇಳಿದಾಗಲೂ ಏನೂ ಆಗಲಿಲ್ಲ. ಕಂಡದ್ದನ್ನು ಹೇಳಿದೆ.

"ಊರ್ನೆಲ್ಲ ಸುಣ್ಣದಲ್ಲಿ ಬರ್ದವ್ಳೆ. ಎಲ್ಲಾರ್ ಮನೆ ಮಣೀನೂ ಹೊಂದ್ತದೆ. ನಮ್ದು ಒಂದೇ ಹೊಂದ್ತಿಲ್ಲ. ಅದ್ರ ಪಕ್ಕದಲ್ಲಿ ಕುಂತವ್ಳೆ. ಕರೆದ್ರೆ ಬರಾಕಿಲ್ಲ ಅಂತಾಳೆ."

ಅಂಕಮ್ಮ ಮತ್ತೆ ರಾಗಿ ಕೇರತೊಡಗಿದಳು. ಅವತ್ತು ಹೊತ್ತು ಮುಳುಗುವ ಮೊದಲು ತಾನೇ ಹೋಗಿ ಮಗಳನ್ನು ಕೈ ಹಿಡಿದು ಕರೆದುಕೊಂಡು ಬಂದಳು.

ಬೆಳಿಗ್ಗೆ ನಾನು ಕಲ್ಲಿನ ಮೇಲೆ ಕೂತಿದ್ದೆ. ಮಕ್ಕಳು ಸುಣ್ಣದ ಊರಿನ ಸುತ್ತ ಕೂತಿದ್ದರು, ಸೌಮ್ಯ ಮುಂದೆ ನಿಂತಿದ್ದಳು. ಅಂಕಮ್ಮ ಶಾಲೆಯ ಗೇಟಿನೊಳಗೆ ಬಂದಳು. ಹುಳ ಗೂಡು ಕಟ್ಟುವ ಚಂದ್ರಿಕೆ ತೊಳೆಯಲು ಹೊರಟವಳ ಹಾಗೆ ಸೆರಗು ಸಿಕ್ಕಿಸಿಕೊಂಡಿದ್ದಳು. ಟೀಚರು ಏಳಲು ಹೋದರು, ಅವಳು ಕೈಯಲ್ಲೇ ಬೇಡ ಅಂದಳು. ಮಕ್ಕಳ ಹಿಂದೆ ಬಂದು ನಿಂತಳು.

"ನಾನೊಂದು ಹೇಳ್ಬೇಕು" ಅಂದಳು.

ಮನೋಹರ ಕಿಸಕ್ ಅಂದ. ನವ್ಯಶ್ರೀ ಅವನ ತೊಡೆ ಚಿವುಟಿದಳು.

"ಹೇಳು" ಅಂದಳು ಸೌಮ್ಯ.

"ಕಡ್ಡಿ ತಪ್ಪಾಗಿ ಮಲ್ಗದೆ. ನಮ್ಮನೆ ಸೊಪ್ಪು ಕೆರೆ ಕೆಳಗಿಂದು ಮಾತ್ರ ಅಲ್ಲ. ನಾನು ಕಾಂಪೌಂಡ್ ಒಳಗಿಂದ ತಂದೆ. ನಮ್ ಹಳೇ ತೋಟದ್ದು. ಯಾರಿಗೂ ಹೇಳ್ದೆ ತಂದೆ."

ಹುಡುಗಿ ಅಳುತ್ತಾಳೆ ಅಂದುಕೊಂಡೆ. ಅಳಲಿಲ್ಲ. ಬೇರೆ ಮಕ್ಕಳನ್ನು ಕೇಳುವ ಹಾಗೆಯೇ ಕೇಳಿದಳು.

"ಯಾವಾಗಿಂದ ಹಾಕ್ದೆ?"

"ಮೂರ್ನೇ ಜ್ವರ ಎದ್ಮೇಲೆ."

"ಎಲ್ಲಾ ತಟ್ಟೆಗೂನಾ?"

"ಎಲ್ಲಾಕ್ಕೂ ಇಲ್ಲ. ಬಾಗ್ಲ ಪಕ್ಕದ ಅಟ್ಟಣಿಗೆಗೆ ಮೊದ್ಲು. ಆಮೇಲೆ ಎಲ್ಲಾಕ್ಕೂ."

"ಮೊದ್ಲು ಸತ್ತಿದ್ದು ಯಾವ್ದು?"

ಅಂಕಮ್ಮ ನೆಲ ನೋಡಿದಳು. "ಬಾಗ್ಲ ಪಕ್ಕದ್ದೇ."

"ನಾನು ಎಣಿಸಿದ್ದು ಒಳಗಡೆ ಗೋಡೆ ಪಕ್ಕದ ತಟ್ಟೆ" ಅಂದಳು ಸೌಮ್ಯ. ಯಾರಿಗೆ ಹೇಳಿದಳೋ ಗೊತ್ತಿಲ್ಲ.

ಬಗ್ಗಿ, ಕೆರೆಯ ಕಡೆಗಿದ್ದ ಕಡ್ಡಿಯನ್ನು ಅಲ್ಲೇ ಬಿಟ್ಟಳು. ಇನ್ನೊಂದು ಕಡ್ಡಿ ತೆಗೆದುಕೊಂಡು ನಮ್ಮ ಮನೆಯಿಂದ ಮೂಡಲಕ್ಕೆ, ಕಾಂಪೌಂಡಿನ ಗೆರೆ ದಾಟಿಸಿ ಒಳಕ್ಕೆ ಮಲಗಿಸಿದಳು. ಅದರ ಸುತ್ತ ಒಂದು ಸಲ ನಡೆದು ನೋಡಿದಳು. ಅಂಕಮ್ಮ ನಿಂತೇ ಇದ್ದಳು. ಗೇಟಿನಾಚೆ ನೀರಿಗೆ ಹೊರಟಿದ್ದ ವೆಂಕಟಲಕ್ಷ್ಮಮ್ಮ ಬಿಂದಿಗೆ ಸೊಂಟದಲ್ಲಿಟ್ಟುಕೊಂಡು ನಿಂತಿದ್ದಳು. ಎಲ್ಲ ಕೇಳಿಸಿತ್ತು ಅವಳಿಗೆ.

ಸೌಮ್ಯ ತಾಯಿಯ ಕಡೆ ತಿರುಗಿದಳು. ಬಹಳ ದಿನದಿಂದ ಲಂಗದಲ್ಲಿ ಮುಚ್ಚಿಕೊಂಡಿದ್ದ ಕೈ ಈಗ ಹೊರಗಿತ್ತು, ಬೆರಳಿಗೆಲ್ಲ ಸುಣ್ಣ.

"ಕೂತ್ಕೊ ಅವ್ವ" ಅಂದಳು.

ಅಂಕಮ್ಮ ಮಕ್ಕಳ ಸಾಲಿನಲ್ಲಿ ಮರಳಿನ ಮೇಲೆ ಕೂತಳು. ನವ್ಯಶ್ರೀ ಸರಿದು ಜಾಗ ಕೊಟ್ಟಳು.

ಮಾತು ಫ್ಯಾಕ್ಟರಿಗೂ ಹೋಯಿತು, ಹೋಗದೆ ಇರುತ್ತದೆಯೇ. ಜಯಕುಮಾರನನ್ನು ಕರೆಸಿ ಬೈದರು, ಕೆಲಸದಿಂದ ತೆಗೆಯಲಿಲ್ಲ. ಅವನು ಮನೆಗೆ ಬಂದು ಕೆಲವು ದಿನ ಅಂಕಮ್ಮನ ಜೊತೆ ಮಾತು ಬಿಟ್ಟ, ಆಮೇಲೆ ಆಡಿದ. ಕಾಂಪೌಂಡಿನ ಒಳಗಿನ ಗಿಡಗಳನ್ನು ಒಂದು ಬೆಳಿಗ್ಗೆ ಜೆಸಿಬಿ ಬೇರು ಸಮೇತ ಎತ್ತಿ ಹಾಕಿತು. ಕುಸಿದ ಗೋಡೆ ಕಟ್ಟಿದರು. ಹೊಗೆ ಹಾಗೇ ಇತ್ತು. ಮಕ್ಕಳು ಬರೆದ ಊರು ಮಳೆಗೆ ತೊಳೆದುಹೋಯಿತು. ಮೂಡಲ ಕಡೆ ತೋಟ ಇದ್ದವರಲ್ಲಿ ಕೆಲವರು ಹುಳ ಸಾಕುವುದು ಬಿಟ್ಟರು, ಕೆಲವರು ತೋಟ ಬಿಟ್ಟರು.

ಮುಂದಿನ ಬೆಳೆಗೆ ನಾವು ಕೆರೆ ಕೆಳಗಿನ ಸೊಪ್ಪಿಗೆ ಎಷ್ಟು ಸಾಲುತ್ತದೋ ಅಷ್ಟೇ ಮೊಟ್ಟೆ ತಂದೆವು. ಎರಡನೇ ಜ್ವರ ಎದ್ದ ದಿನ ಅಂಕಮ್ಮ ಹುಳದ ಮನೆಯ ಬಾಗಿಲಿಗೆ ಬಂದು ಕರೆದಳು.

"ಸೌಮ್ಯಾ, ಬಾ. ಈ ತಟ್ಟೇಲಿ ಎಷ್ಟವೆ ನೋಡು."

ನಾನು ಬಾಗಿಲ ಪಕ್ಕದಲ್ಲಿ ಕೂತಿದ್ದೆ. ಹುಡುಗಿ ಒಳಗೆ ಹೋಗಿ ಗೇಣು ಹಾಕಿದಳು. ನಡುವೆ ಒಂದು, ಅಂಚಿನಲ್ಲಿ ಒಂದು, ಆ ಕಡೆ, ಈ ಕಡೆ. ಈ ಸಲ ಬಾಯಿಬಿಟ್ಟು ಎಣಿಸಿದಳು. ಪಕ್ಕದ ಮನೆಗೂ ಕೇಳುವಷ್ಟು ಜೋರಾಗಿ. ಅವಳು ಮುಗಿಸುವ ತನಕ ನಾನು ಎದ್ದು ಹೋಗಲಿಲ್ಲ.